ಹಿತ್ತಲ ಪಲ್ಲೆಯೂ ಪದವಿಯೂ

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಬೇಕೆಂಬ ಸೂಚನೆಯನ್ನು ಫಲಕದಲ್ಲಿ ಕಂಡ ದಿನದಿಂದ ನನ್ನ ಸಹಪಾಠಿಗಳಲ್ಲಿ ಒಬ್ಬೊಬ್ಬರೂ ಒಂದೊಂದು ಘನವಾದ ವಿಷಯವನ್ನು ಆರಿಸಿಕೊಂಡಿದ್ದಾರೆ. ಒಬ್ಬರು ಪ್ರಜಾಪ್ರಭುತ್ವದ ಭವಿಷ್ಯವನ್ನು ಹಿಡಿದಿದ್ದಾರೆ. ಇನ್ನೊಬ್ಬರು ಕನ್ನಡ ಕಾವ್ಯದಲ್ಲಿ ನಿಸರ್ಗವನ್ನು ಹುಡುಕುತ್ತಿದ್ದಾರೆ. ಮತ್ತೊಬ್ಬರು ನಿರುದ್ಯೋಗದ ಸಮಸ್ಯೆಯನ್ನು ಎರಡೇ ಪುಟಗಳಲ್ಲಿ ಬಗೆಹರಿಸಲು ಹೊರಟಿದ್ದಾರೆ. ಅಂಥವರ ನಡುವೆ ನಾನು ಒಂದು ಕಟ್ಟು ಮೆಂತೆಪಲ್ಲೆಯನ್ನು ಹಿಡಿದುಕೊಂಡು ನಿಂತರೆ ನಗೆಗೀಡಾಗುವುದು ಖಂಡಿತ. ಆದರೂ ಧೈರ್ಯ ಮಾಡಿದ್ದೇನೆ. ಗುರುಗಳು ಕ್ಷಮಿಸಬೇಕು, ಮಿತ್ರರು ಪೂರ್ತಿ ಓದಿದ ಮೇಲೆ ನಗಬೇಕು.

ನಾನು ಹೇಳಬೇಕೆಂದಿರುವುದು ಇಷ್ಟೇ: ಮನೆಯ ಹಿತ್ತಲಲ್ಲಿ ಬೆಳೆದ ಹಸಿ ಕಾಯಿಪಲ್ಲೆಯನ್ನು ಸರಳವಾಗಿ ಅಡಿಗೆ ಮಾಡುವ ವಿದ್ಯೆ ನಮ್ಮಂಥ ಕಾಲೇಜು ವಿದ್ಯಾರ್ಥಿಗಳೆಲ್ಲರಿಗೂ ಬರಬೇಕು, ಹುಡುಗಿಯರಿಗಿಂತ ಮೊದಲು ಹುಡುಗರಿಗೆ ಬರಬೇಕು. ಇದು ರುಚಿಯ ಮಾತಲ್ಲ, ನ್ಯಾಯದ ಮಾತು. ಹೇಗೆಂಬುದನ್ನು ನನ್ನ ಮನೆಯ ಕಥೆಯಿಂದಲೇ ಹೇಳುತ್ತೇನೆ. ಪರರ ಮನೆಯ ಕಥೆ ಹೇಳಿದರೆ ಚಾಡಿ ಎನಿಸಿಕೊಂಡೀತು.

ನಮ್ಮೂರು ದೇವಣಗಾಂವ. ಆಲಮೇಲದಿಂದ ಅಫಜಲಪುರದ ಕಡೆಗೆ ಹೋಗುವವರು ಭೀಮಾ ನದಿಯನ್ನು ದಾಟುವುದು ನಮ್ಮೂರ ಸೇತುವೆಯ ಮೇಲೆಯೇ. ಈಚೆಯ ದಂಡೆ ವಿಜಯಪುರ ಜಿಲ್ಲೆ, ಆಚೆಯ ದಂಡೆ ಕಲಬುರ್ಗಿ ಜಿಲ್ಲೆ. ನಡುವೆ ಹರಿಯುವ ನದಿಗೆ ಈ ಭೇದ ಗೊತ್ತಿಲ್ಲ. ಎರಡೂ ಕಡೆಯ ಎರೆಮಣ್ಣು ಒಂದೇ ಬಣ್ಣದ್ದು, ಎರಡೂ ಕಡೆಯ ರೊಟ್ಟಿಯ ಸಪ್ಪಳವೂ ಒಂದೇ. ದಂಡೆಯ ಹೊಲಗಳಲ್ಲಿ ಈಗ ಕಬ್ಬು ತುಂಬಿಕೊಂಡಿದೆ. ಹಿಂದೆ ಜೋಳದ ಸಾಲುಗಳ ನಡುವೆ ಮನೆಗೆ ಬೇಕಾದಷ್ಟು ಪುಂಡಿ, ಅವರೆ, ಸವತಿ, ಚವಳಿಯನ್ನು ಇಟ್ಟುಕೊಳ್ಳುತ್ತಿದ್ದರೆಂದು ನಮ್ಮ ಆಯಿ ಹೇಳುತ್ತಾಳೆ. ಕಬ್ಬಿನ ನಡುವೆ ಅದಕ್ಕೆ ಜಾಗವಿಲ್ಲ. ಹೀಗಾಗಿ ನಮ್ಮ ಮನೆಯ ಕಾಯಿಪಲ್ಲೆಯೆಲ್ಲ ಹಿತ್ತಲಿಗೆ ಬಂದು ಸೇರಿಕೊಂಡಿದೆ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬದನೆ ಗಿಡ, ಗೋಡೆಯ ಮೇಲೆ ಹೀರೇಬಳ್ಳಿ, ಮೂಲೆಗೊಂದು ನುಗ್ಗಿಗಿಡ, ಎರಡು ಮಡಿ ಮೆಂತೆ, ಒಂದು ಮಡಿ ರಾಜಗಿರಿ, ಬೇಲಿಯ ಗುಂಟ ಪುಂಡಿ. ಇಷ್ಟನ್ನೂ ಬೆಳೆಸಿದವಳು ನಮ್ಮ ಅವ್ವ.

2020ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಭೀಮೆಗೆ ಬಂದ ಮಹಾಪೂರವನ್ನು ಈ ಭಾಗದ ಯಾರೂ ಮರೆತಿರಲಾರರು. ಎಡೆಬಿಡದ ಮಳೆ, ಮೇಲಿನಿಂದ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಎರಡೂ ಸೇರಿ ದಂಡೆಯ ಹೊಲಗಳೆಲ್ಲ ಹೊಳೆಯಾದವು. ನಾನು ಆಗ ಹೈಸ್ಕೂಲಿನಲ್ಲಿದ್ದೆ. ನೀರು ಇಳಿದ ಮೇಲೆ ಎಲ್ಲರೂ ಹಾಳಾದ ಬೆಳೆಯ ಲೆಕ್ಕ ಹಾಕುತ್ತಿದ್ದಾಗ ಅವ್ವ ಒಂದು ಹಿಡಿ ಮೆಂತೆಕಾಳನ್ನು ತಂದು ಹಿತ್ತಲ ಕೆಸರು ಆರುತ್ತಲೆ ಚೆಲ್ಲಿದಳು. ಒಂದು ತಿಂಗಳು ತುಂಬುವುದರೊಳಗೆ ನಮ್ಮ ಗಂಗಾಳದಲ್ಲಿ ಹಸಿರು ಕಂಡಿತು. ಉಳಿದ ಬೆಳೆಗಳು ವರ್ಷದ ಮಾತು ಆಡುತ್ತವೆ. ತಪ್ಪಲಪಲ್ಲೆ ವಾರದ ಮಾತು ಆಡುತ್ತದೆ. ಬಡವರ ಮನೆಗೆ ಅದರಷ್ಟು ಬೇಗ ಓಡಿ ಬರುವ ನೆಂಟ ಮತ್ತೊಬ್ಬನಿಲ್ಲ.

ಇಷ್ಟೆಲ್ಲ ಇದ್ದರೂ ನಾನು ಆ ನೆಂಟನಿಗೆ ಮಾನ ಕೊಟ್ಟವನಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೊದಲನೆಯ ವರ್ಷ ಅವ್ವ ಕಟ್ಟಿಕೊಡುತ್ತಿದ್ದ ಡಬ್ಬಿಯನ್ನು ಗೆಳೆಯರ ಎದುರು ತೆರೆಯಲು ನನಗೆ ನಾಚಿಕೆಯಾಗುತ್ತಿತ್ತು. ಪುಂಡಿಪಲ್ಲೆಯ ಬಣ್ಣ ಏನೂ ಚೆಂದವಿಲ್ಲವೆಂಬುದು ನಿಮಗೂ ಗೊತ್ತು. ಡಬ್ಬಿಯನ್ನು ಚೀಲದಲ್ಲಿಯೇ ಉಳಿಸಿ, ಬಸ್ ನಿಲ್ದಾಣದ ಎದುರು ಮಿರ್ಚಿಭಜಿ ತಿಂದು ಚಹಾ ಕುಡಿದು, ಸಂಜೆ ಮನೆಗೆ ಬರುವ ದಾರಿಯಲ್ಲಿ ರೊಟ್ಟಿಯನ್ನು ದನಕ್ಕೆ ಹಾಕಿದ ದಿನಗಳೂ ಇವೆ. ಇದನ್ನು ಬರೆಯುವಾಗ ಲೇಖನಿ ತಡವರಿಸುತ್ತದೆ. ಆದರೆ ಈ ಕೆಲಸ ಮಾಡಿದವನು ನಾನೊಬ್ಬನೇ ಅಲ್ಲವೆಂದು ನಂಬಿರುವುದರಿಂದ ಬರೆದಿದ್ದೇನೆ.

ಇರಲಿ. ಕಳೆದ ಕಾರ್ತಿಕ ಮಾಸದಲ್ಲಿ ಅವ್ವನಿಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ‘ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಚಿಕಿತ್ಸೆ ಮಾಡಲಾಗದು, ಮೊದಲು ಅದನ್ನು ಏರಿಸಬೇಕು’ ಎಂದರು. ಹೆಂಗಸರಲ್ಲಿ ಹಿಮೊಗ್ಲೋಬಿನ್ 12 ಗ್ರಾಂ ಆದರೂ ಇರಬೇಕಂತೆ. ಅವ್ವನಿಗೆ ಇದ್ದದ್ದು 7. ದೊಡ್ಡವ್ವ ಜೊತೆಗೆ ಉಳಿದಳು. ಎಲ್ಲವೂ ಮುಗಿದು ಅವ್ವ ಮನೆಗೆ ಬರಲು ಹದಿನೆಂಟು ದಿನಗಳಾದವು. ಮನೆಯಲ್ಲಿ ಉಳಿದವರು ಅಪ್ಪ, ಆಯಿ, ಒಂಬತ್ತನೆಯ ತರಗತಿಯ ತಂಗಿ ಮತ್ತು ನಾನು.

ಆಸ್ಪತ್ರೆಯಿಂದ ಬಸ್ಸಿನಲ್ಲಿ ಮರಳುವಾಗ ಒಂದೇ ಪ್ರಶ್ನೆ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹಿತ್ತಲ ತುಂಬ ಪಲ್ಲೆ ಬೆಳೆಸಿದವಳಿಗೇ ರಕ್ತ ಕಡಿಮೆಯಾದದ್ದು ಹೇಗೆ? ಉತ್ತರಕ್ಕೆ ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಯಲ್ಲಿ ಅಪ್ಪ ಮೊದಲು ಉಣ್ಣುತ್ತಾನೆ, ಆಮೇಲೆ ನಾನು, ಆಮೇಲೆ ಆಯಿ ಮತ್ತು ತಂಗಿ. ಕೊನೆಗೆ ಅವ್ವ. ಅಷ್ಟು ಹೊತ್ತಿಗೆ ಬೋಗುಣಿಯ ತಳದಲ್ಲಿ ಉಳಿದದ್ದನ್ನು ರೊಟ್ಟಿಯ ತುಂಡಿನಿಂದ ಒರಸಿ, ಸಾಲದಿದ್ದರೆ ಖಾರ ಎಣ್ಣೆ ಹಚ್ಚಿಕೊಂಡು, ಮೇಲೊಂದು ಕಪ್ಪು ಚಹಾ ಕುಡಿದು ಎದ್ದುಬಿಡುತ್ತಿದ್ದಳು. ಇಪ್ಪತ್ತು ವರ್ಷ ಅವಳ ಕೈಯಡಿಗೆ ಉಂಡ ನಾನು ಅವಳು ಉಣ್ಣುವುದನ್ನು ಒಮ್ಮೆಯೂ ಕುಳಿತು ನೋಡಿರಲಿಲ್ಲ. ರಕ್ತ ಕಡಿಮೆಯಾಗಲು ಬೇರೆ ಕಾರಣಗಳೂ ಉಂಟು, ವೈದ್ಯರು ಗುಳಿಗೆಗಳನ್ನೂ ಕೊಟ್ಟಿದ್ದಾರೆ. ಪಲ್ಲೆಯೊಂದರಿಂದಲೇ ಎಲ್ಲ ವಾಸಿಯಾದೀತೆಂದು ನಾನು ಹೇಳುವುದಿಲ್ಲ. ಆದರೆ ಹಿತ್ತಲಿಂದ ಒಲೆಗೆ, ಒಲೆಯಿಂದ ನಮ್ಮ ಗಂಗಾಳಕ್ಕೆ ಬಂದ ಹಸಿರು ಅವಳ ಗಂಗಾಳದವರೆಗೆ ಮುಟ್ಟಲಿಲ್ಲವೆಂಬುದು ಸುಳ್ಳಲ್ಲ.

ಇದು ನಮ್ಮೊಂದೇ ಮನೆಯ ಕಥೆಯೆಂದು ತಿಳಿಯಬಾರದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ನಮ್ಮ ತರಗತಿಯ ಮುಂದಿನ ಎರಡು ಬೆಂಚುಗಳಲ್ಲಿ ಕುಳಿತ ಸಹೋದರಿಯರನ್ನು ನೋಡಿ ಈ ಅಂಕಿಯನ್ನು ನೆನೆದುಕೊಳ್ಳಿರಿ.

ಮೊದಲನೆಯ ದಿನ ಮುಂಜಾನೆ ನಾನು ಅಡಿಗೆಮನೆಯಲ್ಲಿ ನಿಂತೆ. ರಾಜ್ಯಶಾಸ್ತ್ರದಲ್ಲಿ ಹದಿನೈದು ಅಂಕಗಳ ಪ್ರಶ್ನೆಗೆ ಆರು ಪುಟ ಬರೆಯಬಲ್ಲ ನನಗೆ ಒಂದು ಕಟ್ಟು ಮೆಂತೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಮೊಬೈಲ್ ತೆರೆದು ಹುಡುಕಿದೆ. ಅಲ್ಲಿ ಒಬ್ಬರು ನಗುನಗುತ್ತ ಹದಿನಾರು ಸಾಮಾನುಗಳ ಪಟ್ಟಿ ಹೇಳಿದರು. ಅವುಗಳಲ್ಲಿ ಒಂಬತ್ತು ನಮ್ಮ ಮನೆಯಲ್ಲಿ ಇರಲಿಲ್ಲ, ಮೂರರ ಹೆಸರನ್ನೇ ನಾನು ಕೇಳಿರಲಿಲ್ಲ. ಹಿತ್ತಲಲ್ಲಿ ಪಲ್ಲೆ ಇದ್ದೂ ಅಂಗಡಿಗೆ ಓಡಬೇಕಾದರೆ ಅದೆಂಥ ಅಡಿಗೆ? ಮೊಬೈಲ್ ಮುಚ್ಚಿಟ್ಟೆ. ಆಯಿಗೆ ಮೊಣಕಾಲು ನೋವು, ಕಣ್ಣೂ ಮಂಜು. ಒಲೆಯ ಮುಂದೆ ನಿಲ್ಲಲಾರಳು. ಆದರೆ ಹೊಸ್ತಿಲಲ್ಲಿ ಕುಳಿತು ಮೂಗಿನಿಂದಲೂ ಕಿವಿಯಿಂದಲೂ ಅಡಿಗೆಯನ್ನು ನೋಡಬಲ್ಲಳು. ಅವಳೇ ನನ್ನ ಪ್ರಾಧ್ಯಾಪಕಳಾದಳು.

ಅಪ್ಪನಿಗೆ ಇದು ಸರಿಬರಲಿಲ್ಲ. ನಾನು ಮೊರದಲ್ಲಿ ಮೆಂತೆ ಸೋಸುತ್ತ ಕುಳಿತದ್ದನ್ನು ಕಂಡು, “ನಿನ್ನ ಕಾಲೇಜ ಕಲಿಸಿದ್ದು ಪಲ್ಲೆ ಸೋಸಾಕೇನು?” ಎಂದು ಕೇಳಿದ. ಉತ್ತರ ಕೊಟ್ಟವಳು ಆಯಿ: “ಕಲತಾವರಿಗೆ ಹಸಿವು ಆಗೂದಿಲ್ಲೇನು? ಸುಮ್ಮ ಹೋಗಿ ನಾಕು ಬದನಿಕಾಯಿ ಹರಕೊಂಡ ಬಾ.” ಅಪ್ಪ ಗೊಣಗುತ್ತ ಹೋಗಿ ಹರಿದು ತಂದ.

ಆ ಹದಿನೆಂಟು ದಿನಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ಆಯಿಯ ವಿದ್ಯೆಯಲ್ಲಿ ಇರುವುದು ನಾಲ್ಕೇ ದಾರಿಗಳು: ಹಸಿಯದನ್ನೇ ತಿನ್ನುವುದು, ಬಾಡಿಸುವುದು, ಬ್ಯಾಳಿಯ ಕೂಡ ಕುದಿಸುವುದು, ಮಸಾಲಿ ತುಂಬುವುದು. ಯಾವ ಕಾಯಿಪಲ್ಲೆಯಾದರೂ ಈ ನಾಲ್ಕರಲ್ಲಿ ಒಂದು ದಾರಿಗೆ ಬಂದೇ ಬರುತ್ತದೆ.

ಮೊದಲನೆಯದು ಪಚಡಿ. ಎಳೆಯ ಮೆಂತೆಯ ತಪ್ಪಲು, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿ, ಸವತಿ, ಇವುಗಳಲ್ಲಿ ಇದ್ದದ್ದನ್ನು ಸಣ್ಣಗೆ ಹೆಚ್ಚಿ, ಉಪ್ಪು, ಒಂದಿಷ್ಟು ಖಾರ, ಎರಡು ಚಮಚ ಶೇಂಗಾಪುಡಿ ಅಥವಾ ಗುರೆಳ್ಳುಪುಡಿ, ನಾಲ್ಕು ಹನಿ ಎಣ್ಣೆ ಹಾಕಿ ಕಲಸಿ, ಮೇಲೆ ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಇಂಡಿಯ ನಿಂಬೆ ನಾಡಿಗೆಲ್ಲ ಹೆಸರಾದದ್ದು. ನೆರೆಯವರಾದ ನಮಗೆ ಅದರ ಕೊರತೆಯಿಲ್ಲ. ಇದಕ್ಕೆ ಒಲೆಯೂ ಬೇಡ. ಕೋಣೆ ಮಾಡಿಕೊಂಡಿರುವ ಮಿತ್ರರು ಇದನ್ನು ಇಂದೇ ಮಾಡಬಹುದು.

ಎರಡನೆಯದು ಬಾಡಿಸುವುದು. ನಾಲ್ಕು ಜನರಿಗೆ ಎರಡು ದೊಡ್ಡ ಕಟ್ಟು ಮೆಂತೆ ಬೇಕು. ಅರ್ಧ ಬಟ್ಟಲು ಹೆಸರುಬ್ಯಾಳಿಯನ್ನು ಅರ್ಧ ತಾಸು ಮೊದಲೇ ನೆನೆಯಿಡಬೇಕು. ಪಲ್ಲೆಯನ್ನು ಸೋಸಿ, ಮೂರು ನೀರಿನಲ್ಲಿ ತೊಳೆದು, ಆಮೇಲೆ ಹೆಚ್ಚಬೇಕು. ಹೆಚ್ಚಿ ಆಮೇಲೆ ತೊಳೆಯಬಾರದು. ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿ, ನಾಲ್ಕು ಹಸಿಮೆಣಸಿನಕಾಯಿ ಹಾಕಿ, ನೆನೆದ ಬ್ಯಾಳಿ, ಮೇಲೆ ಪಲ್ಲೆ. ಮೊದಲ ದಿನ ನಾನು ಒಂದು ತಂಬಿಗೆ ನೀರು ಎತ್ತಿದ್ದೆ. ಸಪ್ಪಳದಿಂದಲೇ ತಿಳಿದುಕೊಂಡ ಆಯಿ ಹೊಸ್ತಿಲಿಂದ ಕೂಗಿದಳು: “ನೀರ ಹಾಕಬ್ಯಾಡೊ ತಮ್ಮಾ! ಪಲ್ಲೆದಾಗ ಅದರ ನೀರ ಅದಕ್ಕ ಐತಿ. ಮುಚ್ಚಿ ಸುಮ್ಮ ಕುಂದ್ರು.” ಉಪ್ಪಿನ ಡಬ್ಬಿಗೆ ಕೈ ಹಾಕಿದೆ. “ಉಪ್ಪ ಈಗ ಬ್ಯಾಡ. ಪಲ್ಲೆ ಬಾಡಲಿ, ಎಷ್ಟು ಉಳದೈತಿ ನೋಡಿ ಹಾಕು” ಎಂದಳು. ನಿಜವೇ. ಬೋಗುಣಿ ತುಂಬಿದ್ದ ಪಲ್ಲೆ ಐದು ನಿಮಿಷದಲ್ಲಿ ತಳಕ್ಕೆ ಇಳಿಯಿತು. ಮೊದಲೇ ಕಣ್ಣಳತೆಯಲ್ಲಿ ಉಪ್ಪು ಹಾಕಿದ್ದರೆ ಅಂದಿನ ಪಲ್ಲೆ ದನವೂ ಮುಟ್ಟದಂತಾಗುತ್ತಿತ್ತು. ರಾಜಗಿರಿ, ಮೂಲಂಗಿ ತಪ್ಪಲು, ನುಗ್ಗಿಯ ತಪ್ಪಲು, ಸಣ್ಣಗೆ ಹೆಚ್ಚಿದ ಹೀರೇಕಾಯಿ, ಎಲ್ಲಕ್ಕೂ ಇದೇ ದಾರಿ. ಹೀರೇಕಾಯಿಯ ಸಿಪ್ಪೆಯನ್ನೂ ಚೆಲ್ಲುವಂತಿಲ್ಲ. ಹುರಿದು, ಹುಣಸೆ ಮೆಣಸಿನಕಾಯಿ ಕೂಡಿಸಿ ಕುಟ್ಟಿದರೆ ಅದೇ ಚಟ್ನಿ.

ಮೂರನೆಯದು ಪುಂಡಿಪಲ್ಲೆ, ನಾನು ಡಬ್ಬಿಯಲ್ಲಿ ಮುಚ್ಚಿಟ್ಟದ್ದು. ಮರಾಠಿಗರು ಇದನ್ನು ಅಂಬಾಡಿ ಎನ್ನುತ್ತಾರೆ, ತೆಲುಗರು ಗೋಂಗೂರ ಎಂದು ಕೊಂಡಾಡುತ್ತಾರೆ. ಒಂದು ಕಟ್ಟಿನ ಎಲೆ ಬಿಡಿಸಿ, ಒಂದು ಹಿಡಿ ತೊಗರಿಬ್ಯಾಳಿ, ಒಂದು ಹಿಡಿ ಜೋಳದ ನುಚ್ಚು, ಐದಾರು ಹಸಿಮೆಣಸಿನಕಾಯಿ ಹಾಕಿ ಮೆತ್ತಗಾಗುವವರೆಗೆ ಕುದಿಸಬೇಕು. ಕಡೆಗೋಲಿನಿಂದಲೋ ದಪ್ಪ ಸೌಟಿನಿಂದಲೋ ನುರಿದು, ಉಪ್ಪು ಹಾಕಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಎಲೆಯೇ ಹುಳಿಯಾದ್ದರಿಂದ ಹುಣಸೆಹಣ್ಣು ಬೇಡ. ಹುಳಿಯಾದ್ದರಿಂದಲೇ ಇದನ್ನು ಅಲ್ಯೂಮಿನಿಯಮ್ ಪಾತ್ರೆಯಲ್ಲಿ ಮಾಡಬಾರದು. ಮಣ್ಣಿನ ಗಡಿಗೆ ಅಥವಾ ಸ್ಟೀಲಿನ ಪಾತ್ರೆ ಒಳ್ಳೆಯದು. ಇಂದು ಮಾಡಿದ್ದು ನಾಳೆ ಹೆಚ್ಚು ರುಚಿ.

ನಾಲ್ಕನೆಯದು ಎಣ್ಣೆಗಾಯಿ. ಇದು ಹಬ್ಬದ ಅಡಿಗೆಯೆಂದು ಹೆದರಿದ್ದೆ. ಹೆದರಬೇಕಾದ್ದು ಏನೂ ಇಲ್ಲ. ಹತ್ತು ಎಳೆಯ ಬದನೆಕಾಯಿಯನ್ನು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿ ಉಪ್ಪುನೀರಿನಲ್ಲಿ ಬಿಟ್ಟರೆ ಕಪ್ಪಾಗುವುದಿಲ್ಲ. ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿಯನ್ನು ಕುಟ್ಟಿ, ಮಸಾಲಿಖಾರ, ಹುಣಸೆರಸ, ಒಂದು ಚೂರು ಬೆಲ್ಲ, ಉಪ್ಪು ಕೂಡಿಸಿ ತುಂಬಬೇಕು. ಎಣ್ಣೆಯಲ್ಲಿ ಇಟ್ಟು, ಮೇಲೆ ತಾಟು ಮುಚ್ಚಿ, ಆ ತಾಟಿನಲ್ಲಿ ನೀರು ಹಾಕಬೇಕು. ಒಳಗಿನ ಹಬೆ ತಣ್ಣನೆಯ ತಾಟಿಗೆ ತಾಗಿ ಹನಿಯಾಗಿ ಮತ್ತೆ ಬದನೆಯ ಮೇಲೆಯೇ ಬೀಳುತ್ತದೆ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಹೈಸ್ಕೂಲಿನಲ್ಲಿ ಭಟ್ಟಿಯಿಳಿಸುವ ಚಿತ್ರವನ್ನು ಬರೆದು ಅಂಕ ಗಳಿಸಿದ ನನಗೆ ಅದೇ ತತ್ತ್ವ ನಮ್ಮ ಮನೆಯ ತಾಟಿನ ಮೇಲೆ ದಿನವೂ ನಡೆಯುತ್ತಿತ್ತೆಂದು ಗೊತ್ತಿರಲಿಲ್ಲ.

ಆಮೇಲೆ ಗ್ರಂಥಾಲಯದಲ್ಲಿ ಆಹಾರಶಾಸ್ತ್ರದ ಪುಸ್ತಕಗಳನ್ನು ತಿರುವಿ ಹಾಕಿದೆ. ಆಯಿಯ ನಿಯಮಗಳೇ ಅಲ್ಲಿ ಬೇರೆ ಮಾತಿನಲ್ಲಿ ಇದ್ದವು. ಸಿ ಜೀವಸತ್ತ್ವ ನೀರಿನಲ್ಲಿ ಕರಗುತ್ತದೆ, ಶಾಖಕ್ಕೆ ಕೆಡುತ್ತದೆ. ಆದ್ದರಿಂದ ಹೆಚ್ಚುವ ಮೊದಲು ತೊಳೆಯಬೇಕು, ನೀರು ಕಡಿಮೆ ಹಾಕಬೇಕು, ಬೇಗ ಇಳಿಸಬೇಕು. ಹಸಿರು ತಪ್ಪಲಿನಲ್ಲಿರುವ ಕ್ಯಾರೊಟಿನ್ ಮೈಗೆ ಹತ್ತಬೇಕಾದರೆ ಒಂದಿಷ್ಟು ಎಣ್ಣೆ ಬೇಕು, ಅದಕ್ಕೆಂದೇ ಒಗ್ಗರಣೆ. ಸಸ್ಯಗಳಲ್ಲಿರುವ ಕಬ್ಬಿಣದ ಅಂಶವನ್ನು ಮೈ ಸುಲಭವಾಗಿ ಹೀರಿಕೊಳ್ಳುವುದಿಲ್ಲ, ಜೊತೆಗೆ ನಿಂಬೆಯಂಥ ಹುಳಿ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಅದಕ್ಕೆಂದೇ ಪಚಡಿಗೆ ನಿಂಬೆ. ಊಟದ ಬೆನ್ನಿಗೇ ಚಹಾ ಕುಡಿದರೆ ಆ ಹೀರುವಿಕೆಗೆ ಅಡ್ಡಿಯಾಗುತ್ತದೆ. ಅವ್ವನ ಆ ಕಪ್ಪು ಚಹಾ ನೆನಪಾಗಿ ನಾನು ಪುಸ್ತಕ ಮುಚ್ಚಿದೆ. ದಿನಕ್ಕೆ ಕಾಯಿಪಲ್ಲೆ ಹಣ್ಣುಗಳು ಸೇರಿ 400 ಗ್ರಾಂ ಆದರೂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೋಗುಣಿ ಒರಸಿದ ರೊಟ್ಟಿಯ ತುಂಡಿನಲ್ಲಿ ಎಷ್ಟು ಗ್ರಾಂ ಇದ್ದೀತು?

ಅಡಿಗೆ ವಿದ್ಯಾವಂತರ ಮರ್ಯಾದೆಗೆ ತಕ್ಕದ್ದಲ್ಲ ಎನ್ನುವವರು ನಮ್ಮ ಸಾಹಿತ್ಯ ಚರಿತ್ರೆಯನ್ನೊಮ್ಮೆ ನೋಡಬೇಕು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದಾಗ ಅನ್ನಭೋಗಕ್ಕೆ ಅದರಲ್ಲಿ ಸ್ಥಾನ ಕೊಟ್ಟ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದ, ಕಾಯಿಪಲ್ಲೆಗಳ ಅಡಿಗೆ ಅವನ ಕಾವ್ಯಕ್ಕೆ ಕಳಂಕವಾಗಲಿಲ್ಲ. ಅರಸರಿಗೂ ಕವಿಗಳಿಗೂ ಹೀನವೆನಿಸದ ವಿಷಯ ಬಿ.ಎ. ವರ್ಗದ ನಮಗೆ ಹೀನವಾಗಬೇಕೇಕೆ? ಮೇಲಾಗಿ ಕಾಯಕದಲ್ಲಿ ಮೇಲು ಕೀಳು ಇಲ್ಲವೆಂದು ಸಾರಿದ ಬಸವಣ್ಣನವರ ಬಾಗೇವಾಡಿ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ಅವರ ಜಯಂತಿಯಂದು ಭಾಷಣ ಮಾಡಿ ಮನೆಗೆ ಬಂದು, ಉಂಡ ಗಂಗಾಳವನ್ನು ಅಲ್ಲಿಯೇ ಬಿಟ್ಟು ಏಳುವವರಲ್ಲಿ ನಾನೂ ಒಬ್ಬನಾಗಿದ್ದೆ.

ನನ್ನ ಮಾತಿಗೆ ಆಕ್ಷೇಪಣೆಗಳು ಬರುವುದು ಸಹಜ. ‘ನಮಗೆ ವೇಳೆ ಎಲ್ಲಿದೆ?’ ಎನ್ನಬಹುದು. ಮೆಂತೆ ಸೋಸುವುದಕ್ಕೆ ಹದಿನೈದು ನಿಮಿಷ, ಮಾಡುವುದಕ್ಕೆ ಹತ್ತು ನಿಮಿಷ. ಮೊಬೈಲ್ ನೋಡುತ್ತ ನಾವು ಕಳೆಯುವ ಹೊತ್ತಿನ ಎದುರು ಇದು ಲೆಕ್ಕಕ್ಕೇ ಇಲ್ಲ. ‘ಹಿತ್ತಲು ಇಲ್ಲದವರು ಏನು ಮಾಡಬೇಕು?’ ಎನ್ನಬಹುದು. ಒಡೆದ ಕೊಡದಲ್ಲಿಯೂ ಹಳೆಯ ಬುಟ್ಟಿಯಲ್ಲಿಯೂ ಮೆಂತೆ ಬರುತ್ತದೆ. ಅದೂ ಆಗದಿದ್ದರೆ ವಾರದ ಸಂತೆಯಲ್ಲಿ ಮಿರ್ಚಿಭಜಿಯ ದುಡ್ಡಿಗೆ ತಪ್ಪಲಪಲ್ಲೆ ಸಿಗುತ್ತದೆ. ‘ಇದು ಹೆಂಗಸರ ಕೆಲಸ’ ಎನ್ನುವುದು ಮೂರನೆಯ ಆಕ್ಷೇಪಣೆ. ಇದನ್ನು ಬಾಯಿಬಿಟ್ಟು ಹೇಳುವವರು ಈಗ ಕಡಿಮೆ, ಆಚರಣೆಯಲ್ಲಿ ತೋರಿಸುವವರು ಬಹಳ. ಅವರಿಗೆ ನನ್ನದೊಂದೇ ಮಾತು. ಅಡಿಗೆ ಒಬ್ಬಳಿಗೇ ಬರುವ ಮನೆಯಲ್ಲಿ ಅವಳು ಕೊನೆಗೇ ಉಣ್ಣಬೇಕಾಗುತ್ತದೆ. ಎಲ್ಲರಿಗೂ ಬಂದರೆ ಎಲ್ಲರೂ ಒಟ್ಟಿಗೆ ಉಣ್ಣಬಹುದು. ಅಡಿಗೆ ಸರಳವಾಗಿದ್ದಷ್ಟೂ ಎಲ್ಲರಿಗೂ ಬರುತ್ತದೆ. ಸರಳತೆಯ ಮಹತ್ವ ಇರುವುದು ಅಲ್ಲಿ.

ಅವ್ವ ಮನೆಗೆ ಬಂದ ದಿನ ನಾನು ಮೆಂತೆಪಲ್ಲೆ ಮಾಡಿದ್ದೆ. ರೊಟ್ಟಿ ಪಕ್ಕದ ಮನೆಯ ಚಿಗವ್ವನದು, ಏಕೆಂದರೆ ರೊಟ್ಟಿ ಬಡಿಯುವ ವಿದ್ಯೆ ನನಗಿನ್ನೂ ಕೈಗೂಡಿಲ್ಲ. ಬಿಸಿಪಲ್ಲೆಯನ್ನು ಅವಳ ಗಂಗಾಳಕ್ಕೆ ಮೊದಲು ಬಡಿಸಿದೆ. ಅವಳು ಗಂಗಾಳವನ್ನು ನೋಡಿ, “ನಿಮ್ಮಪ್ಪಂದು ಊಟ ಆತೇನು?” ಎಂದಳು. ಇಲ್ಲ ಎಂದೆ. ಅವಳ ಕೈ ತುತ್ತಿಗೆ ಹೋಗಲಿಲ್ಲ. ಅಪ್ಪ ತಾನೇ ಬಂದು ಎದುರಿಗೆ ಕುಳಿತು, “ಉಣ್ಣು” ಎಂದ. ಆಮೇಲೆ ಉಂಡಳು. ನಾಲ್ಕು ತುತ್ತಾದ ಮೇಲೆ, “ಉಪ್ಪ ಜರಾ ಕಮ್ಮಿ ಆಗೇತಿ. ಆದ್ರ ಛಲೋ ಆಗೇತಿ” ಎಂದಳು. ಅವಳ ಕಣ್ಣಲ್ಲಿ ನೀರಿತ್ತೇ ಇಲ್ಲವೇ ಎಂದು ನಾನು ನೋಡಲು ಹೋಗಲಿಲ್ಲ. ಇನ್ನೊಮ್ಮೆ ಬಡಿಸಿದೆ.

ಮುಂದೆ ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮ ಕಡೆ ಸಜ್ಜಿಕಡಬು, ಶೇಂಗಾಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಲೆಗಳ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆಲ್ಲ ಚರಗ ಚೆಲ್ಲಿ, ನೆಲದ ಮೇಲೆ ಸುತ್ತಾಗಿ ಕುಳಿತು ಉಣ್ಣುತ್ತಾರೆ. ಚಿಕ್ಕವನಿದ್ದಾಗಿನಿಂದ ಆ ಊಟಕ್ಕೆ ಅಷ್ಟು ರುಚಿ ಏಕೆಂದು ನನಗೆ ತಿಳಿಯುತ್ತಿರಲಿಲ್ಲ. ಈ ವರ್ಷ ತಿಳಿಯಿತು. ಹೊಲದಲ್ಲಿ ಒಲೆಯಿಲ್ಲ. ಆದ್ದರಿಂದ ಅಂದು ಅವ್ವ ನಮ್ಮ ಪಂಕ್ತಿಯಲ್ಲಿಯೇ ಕುಳಿತು, ನಮ್ಮ ಕೂಡ, ನಮ್ಮಷ್ಟೇ ಉಣ್ಣುತ್ತಾಳೆ. ವರ್ಷಕ್ಕೊಮ್ಮೆ ಹೊಲದಲ್ಲಿ ನಡೆಯುವುದು ದಿನವೂ ಮನೆಯಲ್ಲಿ ನಡೆಯಬಾರದೇಕೆ?

ಕೊನೆಯದಾಗಿ ಒಂದು ಸೂಚನೆ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಹಾಡುಗಳನ್ನು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸದಿದ್ದರೆ ಆ ಸಂಪತ್ತಿನ ಎಷ್ಟೋ ಭಾಗ ಇಂದು ನಮಗೆ ಸಿಗುತ್ತಿರಲಿಲ್ಲ. ಅದೇ ಹೆಣ್ಣುಮಕ್ಕಳ ಕೈಯಲ್ಲಿದ್ದ ಇನ್ನೊಂದು ವಿದ್ಯೆಯನ್ನು ಬರೆದುಕೊಳ್ಳುವ ಕೆಲಸ ನಮಗೆ ಉಳಿದಿದೆ. ಬರುವ ವರ್ಷದ ಸಂಚಿಕೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅವ್ವನ ಅಥವಾ ಆಯಿಯ ಒಂದೊಂದು ಪಲ್ಲೆಯ ವಿಧಾನವನ್ನು ಬರೆದು ಕೊಡಲಿ. ಒಂದೇ ನಿಬಂಧನೆ: ಬರೆಯುವ ಮೊದಲು ತಾನೇ ಒಮ್ಮೆ ಮಾಡಿ, ಹೇಳಿಕೊಟ್ಟವಳಿಗೆ ಮೊದಲು ಬಡಿಸಿರಬೇಕು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ತಪ್ಪು ಗಿಡದ್ದಲ್ಲ, ಹಿತ್ತಲ ಬಾಗಿಲು ದಾಟದ ನಮ್ಮದು. ಇನ್ನು ಕೆಲವು ತಿಂಗಳುಗಳಲ್ಲಿ ನಾನು ಪದವೀಧರನಾಗುತ್ತೇನೆ. ನಮ್ಮ ಮನೆಯ ಗೋಡೆಯ ಮೇಲೆ ಮೊದಲನೆಯ ಪದವಿಪತ್ರ ತೂಗುತ್ತದೆ. ಅಂದು ಅವ್ವನಿಗೆ ನಾನೇ ಎಣ್ಣೆಗಾಯಿ ಮಾಡಿ ಬಡಿಸಬೇಕೆಂದಿದ್ದೇನೆ. ಅಷ್ಟರೊಳಗೆ ಉಪ್ಪಿನ ಹದವನ್ನೂ ಕಲಿತುಕೊಳ್ಳುತ್ತೇನೆ.